ಆಮೆಯ ಪಾಠ ಘಟ್ಟದ ಮೇಲೂ ನಡೆಯಲಿ

ಮಾನ್ಯ ಸಂಪಾದಕರೇ,

ಕಳೆದ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಿಂದ ಹೊನ್ನಾವರದ ಕಾಸರಕೋಡಿಗೆ ಹೋಗಿದ್ದೆವು. ರಾತ್ರಿ ದಂಡೆಯಲ್ಲಿ ಬಲೆ ಸುತ್ತಿ ಕಾಪಾಡಿದ್ದ ಜಾಗ ಕಂಡು, ಏನಿದೆಯೋ ಎಂದು ಮೊಬೈಲ್ ಬೆಳಕು ಹಾಯಿಸಿದೆ. ಮೀನುಗಾರರೊಬ್ಬರು ಗದರಿದರು: 'ಬೆಳಕು ಆರಿಸಿ, ಒಳಗೆ ಆಮೆಯ ಮೊಟ್ಟೆಗಳಿವೆ.' ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ.

ಆಲಿವ್ ರಿಡ್ಲೆ ಆಮೆ ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ ಇಡುತ್ತದೆ. ಸುಮಾರು 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗಳು ಕಡಲಂಚಿನ ಮಂದ ಬೆಳಕನ್ನೇ ನಂಬಿ ತೆವಳುತ್ತವೆ. ದಂಡೆಯಲ್ಲಿ ದೀಪ ಉರಿದರೆ ದಾರಿ ತಪ್ಪಿ ನಾಯಿ, ಕಾಗೆಗಳ ಪಾಲಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇವಕ್ಕಿದೆ, ನಿಜ. ಕಾಯ್ದೆ ರಾತ್ರಿ ದಂಡೆ ಕಾಯುವುದಿಲ್ಲ.

ಜಾಗೃತಿಯ ಮಾತೆಲ್ಲ ಮೀನುಗಾರರ ಕೇರಿಗೇ ಏಕೆ? ಬಲೆಗೆ ಸಿಕ್ಕ ಆಮೆಯನ್ನು ಬಿಡಿಸಲು ದುಬಾರಿ ಬಲೆಯನ್ನೇ ಕತ್ತರಿಸುವವರು ಅವರು. ಬಾಟಲಿ, ಚಿಪ್ಸ್ ಪೊಟ್ಟಣ ಎಸೆದು ಬರುವವರು ನಾವು. ನಮ್ಮ ಶಾಲೆಗಳ ಪ್ರವಾಸ ಹೊರಡುವುದು ಡಿಸೆಂಬರ್, ಜನವರಿಯಲ್ಲಿ. ಆಮೆ ದಂಡೆಗೆ ಬರುವ ಕಾಲವೂ ಅದೇ. ಬಸ್ ಹತ್ತುವ ಮುನ್ನ ಅರಣ್ಯ ಇಲಾಖೆಯವರು ಮಕ್ಕಳಿಗೆ ಅರ್ಧ ತಾಸು ಪಾಠ ಮಾಡಲಿ. ಜೊತೆಗೆ ಹೋಗುವ ಶಿಕ್ಷಕರೂ ಕೂರಲಿ.

– ಒಬ್ಬ ಪಾಲಕ, ವಿದ್ಯಾನಗರ, ಹುಬ್ಬಳ್ಳಿ