ಗಟಾರದ ಸರಳು ಇನ್ನೂ ಅಲ್ಲೇ ಇದೆ

ಮಾನ್ಯರೇ,

ಬೆಟಗೇರಿಯ ತೆರೆದ ಗಟಾರಕ್ಕೆ ಹುಡುಗ ಬಿದ್ದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿದೆ. ಹುಡುಗನ ಕುತ್ತಿಗೆಗೆ ಸಣ್ಣ ಗಾಯವಂತೆ. ಗಾಯ ಸಣ್ಣದೇ ಇತ್ತು, ಒಂದು ರೂಪಾಯಿ ನಾಣ್ಯದಷ್ಟೂ ಇರಲಿಲ್ಲ. ಹುಡುಗ ನಮ್ಮ ಓಣಿಯವನು. ಆಂಬುಲೆನ್ಸ್‌ನಲ್ಲಿ ಜೊತೆಗೆ ಹೋದವನು ನಾನು.

ಕಾಲರ್ ಎಲುಬಿನ ಮೇಲೆ ಸರಳು ಚುಚ್ಚಿತ್ತು. ಹೊರಗೆ ರಕ್ತ ಜಾಸ್ತಿ ಇರಲಿಲ್ಲ. ಮೊದಲು ಹೋದ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ ಸುಮ್ನೆ ಕೂರಿಸಿದರು. ನನಗೆ ಚೀಟಿ ಮಾಡಿಸುವ, ಆಧಾರ್ ಜೆರಾಕ್ಸ್ ತರುವ ಕೆಲಸ. ರಾತ್ರಿ ಹೊತ್ತು ಯಾವ ಜೆರಾಕ್ಸ್ ಅಂಗಡಿ ತೆರೆದಿರುತ್ತದೆ? ವಾಪಸ್ ಬರುವಷ್ಟರಲ್ಲಿ ಹುಡುಗನಿಗೆ ಏದುಸಿರು, ಮೈಯೆಲ್ಲ ತಣ್ಣನೆ ಬೆವರು. ಆಗ ಎಚ್ಚರವಾಯಿತು ಅವರಿಗೆ, ‘ಹುಬ್ಬಳ್ಳಿಗೆ ಒಯ್ಯಿರಿ’ ಅಂದರು. ಹತ್ತಿರ ಹತ್ತಿರ 60 ಕಿ.ಮೀ. ದಾರಿ!

ಅಲ್ಲಿನ ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಶ್ವಾಸಕೋಶದ ತುದಿ ಕುತ್ತಿಗೆಯ ಬುಡದವರೆಗೂ ಬಂದಿರುತ್ತದೆ. ತೋಳಿಗೆ ಹೋಗುವ ದೊಡ್ಡ ರಕ್ತನಾಳವೂ ಅಲ್ಲೇ, ಎಲುಬಿನ ಹಿಂದೆ. ಮೇಲಿಂದ ಎಷ್ಟು ಒತ್ತಿದರೂ ಸಿಗುವುದಿಲ್ಲ. ಅದು ಹರಿದರೆ ರಕ್ತ ಹೊರಗೆ ಕಾಣದೆ ಎದೆಯೊಳಗೇ ತುಂಬುತ್ತದೆ. ಪಕ್ಕೆಲುಬಿನ ನಡುವೆ ಟ್ಯೂಬ್ ಹಾಕಿದ್ದೇ ತಡ, ನೆಲದ ಮೇಲಿಟ್ಟಿದ್ದ ಬಾಟಲಿ ನೋಡನೋಡುತ್ತ ಕೆಂಪಾಗಿ ಏರಿತು. ಒಮ್ಮೆಗೇ 1500 ಮಿ.ಲೀ. ದಾಟಿದರೆ, ಇಲ್ಲಾ ಗಂಟೆಗೆ 200 ಮಿ.ಲೀ.ನಂತೆ ಬರುತ್ತಲೇ ಇದ್ದರೆ ಎದೆ ತೆರೆಯಲೇಬೇಕಂತೆ. ತೆರೆದರು, ರಕ್ತನಾಳ ಹೊಲಿದರು. ಹುಡುಗ ಉಳಿದ. ನನ್ನ ಅಂಗಡಿ ಮುಚ್ಚಿದ್ದು, ರಕ್ತ ಕೊಡುವವರನ್ನು ಹುಡುಕಿ ಅಪರಾತ್ರಿ ಫೋನ್ ಮಾಡಿ ಬೈಸಿಕೊಂಡಿದ್ದು ನನ್ನ ಹಣೆಬರಹ, ಬಿಡಿ.

ಮರುದಿನ ದೊಡ್ಡವರೊಬ್ಬರು ಬಾಳೆಹಣ್ಣು ಹಿಡಿದುಕೊಂಡು ಬಂದರು. ಎದೆ ಹೊಲಿಸಿಕೊಂಡು ಮಲಗಿದವನಿಗೆ ಬಾಳೆಹಣ್ಣು! ಫೋಟೊ ಚೆನ್ನಾಗಿ ಬಂದಿದೆ, ನೀವೂ ಹಾಕಿದ್ದೀರಿ. ಈ ಗಟಾರದ ಬಗ್ಗೆ ಮಳೆಗಾಲದಲ್ಲೇ ಅಧಿಕಾರಿಗಳಿಗೆ ಅರ್ಜಿ ಕೊಟ್ಟಿದ್ದೆವು. ‘ನೋಡೋಣ್ರೀ’ ಅಂದರು, ಇನ್ನೂ ನೋಡುತ್ತಲೇ ಇದ್ದಾರೆ. ಬೀದಿದೀಪ ಕೇಳಿದರೆ ಕಂಬ ನೆಟ್ಟು ಹೋದರು, ಬಲ್ಬ್ ಬೇರೆ ಇಲಾಖೆಯದಂತೆ. ನಲ್ಲಿ ನೀರಿನ ಮಾತು ಎತ್ತುವುದೇ ಬೇಡ, ಈ ಊರಿನವರಿಗೆ ಅದೆಲ್ಲ ಗೊತ್ತಿದ್ದದ್ದೇ ಅಲ್ವಾ?

ಅಧಿಕಾರಿಗಳೇ, ಮೊದಲು ಆ ಸರಳು ಕತ್ತರಿಸಿ, ಗಟಾರ ಮುಚ್ಚಿ. ಎದೆ ತೆರೆಯುವ ಸರ್ಜನ್, ಬೇಕಾದಷ್ಟು ರಕ್ತ ರಾತ್ರಿಯೂ ಇಲ್ಲೇ ಸಿಗುವಂತೆ ಮಾಡಿ. ಅದೂ ಆಗದಿದ್ದರೆ ಕೊನೇಪಕ್ಷ ಜನ ಮಾಡಿದ ಫೋನಾದರೂ ಎತ್ತಿ. ಸಂಬಳ ಮಾತ್ರ ತಿಂಗಳು ತಪ್ಪದೆ ಎಣಿಸಿಕೊಳ್ಳುತ್ತೀರಲ್ಲ!

– ನೊಂದ ನಿವಾಸಿ, ಬೆಟಗೇರಿ, ಗದಗ