ಆ ಚೀಟಿಯ ವಿಷಯ, ಮಗಳಿಗೆ

ಪುಟ್ಟಿ,

ನಿನ್ನೆ ರಾತ್ರಿ ಕೂಗಾಡಿ ಫೋನ್ ಇಟ್ಟುಬಿಟ್ಟೆ. "ಸ್ಟೇಷನ್ನಿಂದ ನೋಟಿಸ್ ಬಂದಿದೆಯಮ್ಮಾ" ಅಂತ ನೀನು ಹೇಳಿ ಮುಗಿಸುವ ಮೊದಲೇ "ಚೀಟಿ ಯಾಕೆ ಬರೆದುಕೊಟ್ಟೆ" ಅಂದೆ. ಮೊದಲು ಕೇಳಬೇಕಿದ್ದ ಮಾತು ಅದಾಗಿರಲಿಲ್ಲ. ತಪ್ಪಾಯಿತು ಕಣೇ. ಮತ್ತೆ ಫೋನ್ ಮಾಡಿದರೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇನೆ ಅಂತ ಗೊತ್ತು, ಅದಕ್ಕೇ ಬರೆಯಲು ಕೂತೆ.

ಭಾನುವಾರ ರಿಂಗ್ ರೋಡಿನಲ್ಲಿ ನಾಯಿ ಅಡ್ಡ ಬಂತು, ನೀನು ಬ್ರೇಕ್ ಹಾಕಿದೆ, ಹಿಂದೆ ಬೈಕಿನಲ್ಲಿದ್ದ ಹುಡುಗ ನಿನ್ನ ಕಾರಿಗೆ ಗುದ್ದಿದ. ಅದನ್ನು ಮತ್ತೆ ಕೆದಕುವುದು ಬೇಡ. ನೀನು ಓಡಿಹೋಗಲಿಲ್ಲ. ಆ ಹುಡುಗನನ್ನು ಹತ್ತೇ ನಿಮಿಷದಲ್ಲಿ ಆಸ್ಪತ್ರೆಗೆ ಮುಟ್ಟಿಸಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಚಾಲಕರಿಂದ ಮೊದಲು ಕೇಳುವುದೇ ಅದನ್ನು. ಎಷ್ಟೋ ಗಂಡಸರು ಮಾಡದ್ದನ್ನು ನೀನು ಮಾಡಿದೆ. ಆದರೆ ಅದೇ ಕಲಂ ಇನ್ನೆರಡು ಕೇಳುತ್ತದೆ: 24 ಗಂಟೆಯೊಳಗೆ ಪೊಲೀಸರಿಗೆ ಮಾಹಿತಿ, ವಿಮಾ ಕಂಪನಿಗೆ ಲಿಖಿತ ತಿಳಿವಳಿಕೆ. ಅವೆರಡರ ಬದಲು ನೀನು ಬರೆದದ್ದು ಆ ಚೀಟಿ.

"ನಾನು ಸಡನ್ನಾಗಿ ಬ್ರೇಕ್ ಹಾಕಿದೆ. ತಪ್ಪು ಪೂರ್ತಿ ನನ್ನದೇ. ಆಸ್ಪತ್ರೆ ಖರ್ಚೆಲ್ಲ ಕೊಡುತ್ತೇನೆ." ಮೂರೇ ಸಾಲು. ಮೊದಲನೆಯದು ನಡೆದ ಸಂಗತಿ, ಯಾರು ಕೇಳಿದರೂ ಹೇಳು. ಎರಡನೆಯದು ತೀರ್ಪು. ಅದನ್ನು ಕೊಡಬೇಕಾದದ್ದು ಅಪಘಾತ ಪರಿಹಾರದ ನ್ಯಾಯಮಂಡಳಿ, ಅದೂ ಮಹಜರು, ನಕ್ಷೆ, ಸಾಕ್ಷಿ ಎಲ್ಲ ನೋಡಿದ ಮೇಲೆ. ಮೂರನೆಯದು ಇನ್ನೂ ಅಪಾಯ. ನಿನ್ನ ಪಾಲಿಸಿಯ ಷರತ್ತುಗಳ ಪುಟ ತೆಗೆದು ನೋಡು: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಮಾತು ಕೊಡಬಾರದು, ಹಣ ಕೊಡಬಾರದು ಅಂತ ಇದೆ. ಸುತ್ತ ಮೂವತ್ತು ಜನ ನಿಂತು ಬೈಯುವಾಗ, ಕೈ ನಡುಗುವಾಗ, ಯಾರೋ ಪೆನ್ನು ಕೊಟ್ಟು ಬರೆಸಿಕೊಂಡದ್ದು ಸತ್ಯದ ದಾಖಲೆ ಆಗುವುದಿಲ್ಲ. ಆದರೂ ಫೈಲಿನಲ್ಲಿ ಅದು ಕೂರುತ್ತದೆ, ಪಾಟೀಸವಾಲಿನಲ್ಲಿ ಅದನ್ನೇ ಎತ್ತಿ ತೋರಿಸುತ್ತಾರೆ. ಅದರ ಫೋಟೋ ಆದರೂ ನಿನ್ನ ಹತ್ತಿರ ಇದೆಯಾ?

ಈಗ ತಪ್ಪು ಯಾರದು ಅನ್ನುವ ಮಾತು. "ಹಿಂದಿನಿಂದ ಗುದ್ದಿದವನದ್ದೇ ತಪ್ಪು" ಅಂತ ನಿನ್ನ ಗೆಳೆಯರು ಧೈರ್ಯ ಹೇಳಿದ್ದಾರೆ. ಅರ್ಧ ನಿಜ. ಹಿಂದೆ ಬರುವವನು ಅಂತರ ಇಟ್ಟುಕೊಂಡೇ ಬರಬೇಕು. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು, ಒಂದೂವರೆ ಸೆಕೆಂಡ್ ಕಳೆದಿರುತ್ತದೆ, ಆಮೇಲೆ ಒಣ ರಸ್ತೆಯಲ್ಲೂ ನಿಲ್ಲಲು ಇನ್ನೊಂದು 14 ಮೀಟರ್ ಬೇಕು. ಲಾರಿಯ ಹಿಂದೆ 10–15 ಅಡಿ ಅಂತರದಲ್ಲಿ ಬಂದು ಗುದ್ದಿದ ಮಾರುತಿ ಕಾರಿನ ಪ್ರಕರಣದಲ್ಲಿ, ಅದು ಸುರಕ್ಷಿತ ಅಂತರವೇ ಅಲ್ಲ, ಹೊಣೆ ಹಿಂದಿನ ಕಾರಿನ ಚಾಲಕನದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು.

ಆದರೆ ಅದೇ ಕೋರ್ಟಿನ 2025ರ ತೀರ್ಪೊಂದಿದೆ. ಅದು ನಿನ್ನ ಪ್ರಕರಣಕ್ಕೆ ಹತ್ತಿರದ್ದು, ನನ್ನ ನಿದ್ದೆ ಕೆಡಿಸಿರುವುದೂ ಅದೇ. 2017ರಲ್ಲಿ ಕೊಯಮತ್ತೂರಿನಲ್ಲಿ ಕಾರೊಂದು ಹೆದ್ದಾರಿಯ ಮಧ್ಯೆ ಏಕಾಏಕಿ ನಿಂತಿತು. ಹಿಂದಿದ್ದ ಬೈಕು ಅದಕ್ಕೆ ಬಡಿದು ವಿದ್ಯಾರ್ಥಿ ರಸ್ತೆಗೆ ಬಿದ್ದ, ಅವನ ಹಿಂದಿದ್ದ ಬಸ್ಸು ಕಾಲಿನ ಮೇಲೆ ಹರಿಯಿತು. ಗರ್ಭಿಣಿ ಹೆಂಡತಿಗೆ ವಾಂತಿ ಬರುವ ಹಾಗಾಯಿತು ಅಂತ ಕಾರಿನವರು ಕಾರಣ ಕೊಟ್ಟರು. ಸೂಚನೆ ಇಲ್ಲದೆ ಹೆದ್ದಾರಿಯಲ್ಲಿ ನಿಲ್ಲಿಸಲು ಅದು ಸಾಲದು ಅಂದ ಕೋರ್ಟು ಹೊಣೆಯನ್ನು ಹಂಚಿತು: ಕಾರಿಗೆ ಶೇ. 50, ಬಸ್ಸಿಗೆ ಶೇ. 30, ಅಂತರ ಇಟ್ಟುಕೊಳ್ಳದ, ಲೈಸೆನ್ಸ್ ಇಲ್ಲದ ಹುಡುಗನಿಗೆ ಶೇ. 20.

ನೋಡು, ಹೊಣೆ ಹೀಗೆ ಪಾಲಾಗುತ್ತದೆ. ನೀನು ಮಾತ್ರ ನೂರಕ್ಕೆ ನೂರನ್ನೂ ಒಂದೇ ಸಾಲಿನಲ್ಲಿ ಬರೆದುಕೊಟ್ಟೆ. ನಿನ್ನದೂ ಒಂದು ಪಾಲು ಇರಬಹುದು, ಇಲ್ಲ ಅನ್ನುವುದಿಲ್ಲ. ಅದು ಎಷ್ಟು ಅನ್ನುವುದಕ್ಕೆ ನಿನ್ನ ಡ್ಯಾಶ್‌ಕ್ಯಾಮ್ ಬೇಕು. ನಾಯಿ ಎಷ್ಟು ದೂರದಲ್ಲಿ ಅಡ್ಡ ಬಂತು, ನೀನು ಲೇನ್ ಬಿಡದೆ ನಿಂತೆಯೋ ಇಲ್ಲವೋ ಅದರಲ್ಲಿದೆ. ಸುಮ್ಮನೆ ನಿಂತ ಕಾರಿಗೂ ಕಣ್ಣೆದುರಿನ ಅಡ್ಡಿಗೆ ನಿಂತ ಕಾರಿಗೂ ಬಹಳ ವ್ಯತ್ಯಾಸ. ಆ ಕ್ಯಾಮೆರಾ ಹಳೆಯದರ ಮೇಲೇ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಓದಿದ ತಕ್ಷಣ ಕಾರ್ಡ್ ಹೊರಗೆ ತೆಗೆ, ಒಂದು ಪ್ರತಿ ಮಾಡು, ಮೂಲ ಕಾರ್ಡನ್ನು ಲಕೋಟೆಯಲ್ಲಿ ಹಾಕಿಡು. ಎದುರಿನ ಪೆಟ್ರೋಲ್ ಬಂಕಿನ ಕ್ಯಾಮೆರಾವೂ ಅಷ್ಟೆ, ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ಉಳಿಸಿಡಿ ಅಂತ ಅವರಿಗೂ ತನಿಖಾಧಿಕಾರಿಗೂ ಬರೆದುಕೊಟ್ಟು ಸ್ವೀಕೃತಿ ತೆಗೆದುಕೋ.

ಗ್ಯಾರೇಜಿನವರು ಬಂಪರ್ ಬಿಚ್ಚಲು ಬಿಡಬೇಡ. ಮೋಟಾರು ವಾಹನ ನಿರೀಕ್ಷಕರ ತಪಾಸಣೆ ಆಗುವವರೆಗೆ ಒರೆಸುವುದೂ ಬೇಡ. ನೀನು ಕಳಿಸಿದ ಫೋಟೋದಲ್ಲಿ ಎಡ ಮೂಲೆಯಲ್ಲಿ ಟೈರಿನ ಕಪ್ಪು ಗುರುತು ಕಾಣುತ್ತದೆ, ಅದರ ಪಕ್ಕ ಬಲದಿಂದ ಎಡಕ್ಕೆ ಎಳೆದ ಹಾಗೆ ಗೀರು. ಅವನು ನೇರ ಹಿಂದೆ ಬರುತ್ತಿದ್ದನೋ, ಎಡಗಡೆಯಿಂದ ನುಸುಳಲು ಹೊರಟಿದ್ದನೋ ಅನ್ನುವುದಕ್ಕೆ ಆ ಗೀರು ಸುಳಿವು. ನೆಲದಿಂದ ಗುರುತಿನವರೆಗೆ ಟೇಪ್ ಹಿಡಿದು ಅಳತೆ ಕಾಣುವ ಹಾಗೆ ಫೋಟೋ ತೆಗೆ. ಬ್ರೇಕ್ ಹಿಡಿದ ಬೈಕಿನ ಮೂತಿ ತಗ್ಗುತ್ತದೆ, ಹೆಡ್‌ಲೈಟಿನಂಥ ಮೇಲಿನ ಭಾಗ ತಾಗಿದ ಗುರುತು ಇದ್ದರೆ ಅದು ಕೆಳಗೆ ಬೀಳುತ್ತದೆ. ಬ್ರೇಕೇ ಹಿಡಿಯದಿದ್ದರೆ ಬೈಕು ನಿಂತ ಎತ್ತರದಲ್ಲೇ ಇರುತ್ತದೆ. ಅದೊಂದರಿಂದಲೇ ಏನೂ ತೀರ್ಮಾನವಾಗುವುದಿಲ್ಲ. ರಸ್ತೆಯ ಮೇಲಿನ ಗಾಜಿನ ಚೂರು, ಕಳಚಿಬಿದ್ದ ಮಣ್ಣು, ಟೈರ್ ಉಜ್ಜಿದ ಕಲೆ, ಎರಡೂ ಗಾಡಿ ನಿಂತ ಜಾಗ, ಎಲ್ಲ ಸೇರಿದಾಗ ಗುದ್ದಿದ ಬಿಂದು ಸಿಗುತ್ತದೆ. ಹಿಂದಿನ ಬ್ರೇಕ್ ಲೈಟು ಎರಡೂ ಉರಿಯುತ್ತವಾ, ಯಾರನ್ನಾದರೂ ಹಿಂದೆ ನಿಲ್ಲಿಸಿ ನೋಡು. ಒಂದು ಉರಿಯದಿದ್ದರೂ ಬಲ್ಬ್ ಬದಲಿಸಬೇಡ, ನನಗೆ ಹೇಳು.

ಬಂದಿರುವುದು ಮೋಟಾರು ವಾಹನ ಕಾಯ್ದೆಯ 133ನೇ ಕಲಂನ ನೋಟಿಸು, ಗಾಡಿ ಯಾರು ಓಡಿಸುತ್ತಿದ್ದರು ಅಂತ ಮಾಲೀಕರನ್ನು ಕೇಳುವುದು. ನಿನ್ನ ಹೆಸರು ಬರೆದು ಉತ್ತರಿಸು, ಇದ್ದದ್ದು ಇದ್ದ ಹಾಗೆ. ಎಫ್‌ಐಆರ್‌ನಲ್ಲಿ ನ್ಯಾಯ ಸಂಹಿತೆಯ 281, 125 (ಅಜಾಗರೂಕ ಚಾಲನೆ, ಇನ್ನೊಬ್ಬರ ಜೀವಕ್ಕೆ ಅಪಾಯ) ಅಂತ ಕಂಡು ಹೆದರಬೇಡ, ಅದು ಆ ಹುಡುಗನ ಅಣ್ಣ ಕೊಟ್ಟ ದೂರು, ತನಿಖೆಯ ಆರಂಭ ಅಷ್ಟೆ. ಪರಿಹಾರದ ಪ್ರಕರಣದಲ್ಲಿ ಮಂಡಳಿ ಸಂಭವನೀಯತೆ ಯಾವ ಕಡೆ ಹೆಚ್ಚು ವಾಲುತ್ತದೆ ಅಂತ ತೂಗಿ ನೋಡುತ್ತದೆ. ಅಪಘಾತದ ವಿವರ ಬರೆದು ಚಾಲಕರು ತನಿಖಾಧಿಕಾರಿಗೆ ಕೊಡಬೇಕಾದ ಫಾರ್ಮ್ 3ಕ್ಕೆ 30 ದಿನ ಇದೆ. ನಾನು ಬರುವವರೆಗೆ ಅದನ್ನು ತುಂಬಬೇಡ.

ಚೀಟಿಯ ವಿಷಯವನ್ನೂ ಮುಚ್ಚಿಡಬೇಡ. ವಿಮಾ ಕಂಪನಿಗೆ ಬರೆಯುವ ಪತ್ರದಲ್ಲಿ, ಯಾವ ಸ್ಥಿತಿಯಲ್ಲಿ ಬರೆದೆ, ಯಾರು ಬರೆಸಿದರು, ಎಂಟು ಸಾವಿರ ಯಾಕೆ ಕೊಟ್ಟೆ ಅಂತ ನೀನೇ ಮೊದಲು ಹೇಳಿಬಿಡು. ಇನ್ನು ಮೇಲೆ ರಾತ್ರಿ ಒಬ್ಬಳೇ ರಿಂಗ್ ರೋಡಿಗೆ... ಬೇಡ, ಅದನ್ನು ಹೇಳುವುದಿಲ್ಲ. ಕನ್ನಡಿ ನೋಡದೆ ಬ್ರೇಕ್ ತುಳಿಯುವ ಅಭ್ಯಾಸ ಮಾತ್ರ ಬಿಡು. ನಾಯಿ ಕಂಡಾಗ ಅಷ್ಟು ಸಮಯ ಎಲ್ಲಿರುತ್ತದೆ ಅಂತೀಯ, ಸರಿಯೇ. ಅದಕ್ಕೇ ಹತ್ತು ಸೆಕೆಂಡಿಗೊಮ್ಮೆ ಮೊದಲೇ ನೋಡಿಟ್ಟುಕೊಂಡಿರಬೇಕು, ಹಿಂದೆ ಯಾರಾದರೂ ಅಂಟಿಕೊಂಡಿದ್ದರೆ ನೀನೇ ವೇಗ ಇಳಿಸಿ ದಾರಿ ಬಿಡಬೇಕು.

ಆ ಹುಡುಗನ ಭುಜದ ಮೂಳೆ ಹೇಗಿದೆ ಅಂತ ವಿಚಾರಿಸು. ವಿಚಾರಿಸುವುದಕ್ಕೂ ತಪ್ಪೊಪ್ಪಿಕೊಳ್ಳುವುದಕ್ಕೂ ಸಂಬಂಧವಿಲ್ಲ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಆರ್‌ಸಿ, ಡಿಎಲ್, ಪಾಲಿಸಿ ತೆಗೆದಿಟ್ಟಿರು. ಹಿಂದಿನಿಂದ ಗುದ್ದಿಸಿಕೊಂಡವರಿಗೆ ಕತ್ತಿನ ನೋವು ಎರಡನೇ ದಿನ, ಮೂರನೇ ದಿನ ಕಾಣಿಸಿಕೊಳ್ಳುತ್ತದೆ. ತಲೆ ಎರಡೂ ಕಡೆ ಪೂರ್ತಿ ತಿರುಗುತ್ತದಾ? ಬೆರಳು ಜೋಮು ಹಿಡಿಯುತ್ತದಾ? ನಿನ್ನೆ ನಾನು ಕೇಳಬೇಕಿದ್ದದ್ದು ಇದನ್ನೇ. ಸ್ವಲ್ಪ ಹಿಡಿದ ಹಾಗಿದ್ದರೂ ಇವತ್ತೇ ಡಾಕ್ಟರಿಗೆ ತೋರಿಸಿ ನನಗೊಂದು ಮೆಸೇಜ್ ಹಾಕು.

ನಿನ್ನ
ಅಮ್ಮ