ಇನ್ನು ಮುಂದೆ ಸ್ಪೀಕರ್ ವೈರ್ ನಿಮ್ಮ ಮನೆಯ ಅಳತೆಗೇ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳಿನಿಂದ ನಮ್ಮ ಅಂಗಡಿಯಲ್ಲಿ 10 ಮೀಟರ್‌ನ ರೆಡಿಮೇಡ್ ಸ್ಪೀಕರ್ ವೈರ್ ಪ್ಯಾಕೆಟ್ ಸಿಗುವುದಿಲ್ಲ. ನಮ್ಮ ಹುಡುಗರು ಮನೆಗೇ ಬಂದು ಅಳತೆ ತೆಗೆದು, ದೊಡ್ಡ ರೋಲ್‌ನಿಂದ ಬೇಕಾದಷ್ಟೇ ಕತ್ತರಿಸಿ ಹಾಕುತ್ತಾರೆ. ಬಿಲ್ ಮೀಟರ್ ಲೆಕ್ಕದಲ್ಲಿ.

ನಿಮ್ಮ ಟಿವಿ ಸ್ಟ್ಯಾಂಡ್ ಹಿಂದೆ ಒಮ್ಮೆ ಇಣುಕಿ ನೋಡಿ. ಸ್ಪೀಕರ್ ಇರುವುದು ನಾಲ್ಕು ಮೀಟರ್ ದೂರದಲ್ಲಿ, ವೈರ್ ಹತ್ತು ಮೀಟರ್. ಉಳಿದದ್ದನ್ನು ಸುತ್ತಿ, ಪ್ಲಾಸ್ಟಿಕ್ ಟ್ಯಾಗ್ ಬಿಗಿದು, ಸ್ಪೈಕ್ ಗಾರ್ಡ್ ಮೇಲೆ ಇಟ್ಟಿರುತ್ತಾರೆ. ಅದರೊಳಗೇ ಸೆಟ್ ಟಾಪ್ ಬಾಕ್ಸ್ ಅಡಾಪ್ಟರ್, ಅದರೊಳಗೇ ಸಬ್‌ವೂಫರ್‌ಗೆ (ದಪ್ಪ ಸದ್ದಿನ ಸ್ಪೀಕರ್) ಸೌಂಡ್ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್. ಧೂಳು ಕೂತು, ಯಾವ ವೈರ್ ಎಲ್ಲಿಗೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನಿಜ ಹೇಳಬೇಕೆಂದರೆ, ಸ್ಪೀಕರ್ ವೈರ್ ಐದು ಮೀಟರ್ ಜಾಸ್ತಿ ಇದ್ದರೆ ಸೌಂಡ್ ಕೆಡುವುದಿಲ್ಲ. 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್‌ನಲ್ಲಿ ಹೋಗಿ ಬರುವ ದಾರಿ ಎರಡೂ ಸೇರಿ ಹೆಚ್ಚುವ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಆಗುವ ತಡೆ, ಸುಮಾರು 0.12 ಓಮ್. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ತೊಂದರೆ ಆಗುವುದು ಆರ್‌ಸಿಎ ಕೇಬಲ್‌ನಿಂದ. ಅದರಲ್ಲಿ ಹೋಗುವ ಸಿಗ್ನಲ್ ತುಂಬಾ ಚಿಕ್ಕದು. ಪವರ್ ಕಾರ್ಡ್ ಜೊತೆ ಸುತ್ತಿಕೊಂಡು ಬಿದ್ದಿದ್ದರೆ 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದು ಅದರೊಳಗೆ ಸೇರುತ್ತದೆ, ಆಂಪ್ಲಿಫೈಯರ್ ಅದನ್ನೂ ದೊಡ್ಡದು ಮಾಡುತ್ತದೆ. ಆದ್ದರಿಂದ ಆರ್‌ಸಿಎ ಕೇಬಲ್ ಇನ್ನು ಮುಂದೆ ನಿಮಗೆ ಸಾಕಾಗುವಷ್ಟು ಚಿಕ್ಕ ಸೈಜಿನದನ್ನೇ ಕೊಡುತ್ತೇವೆ. ಪವರ್ ಕಾರ್ಡ್ ಒಂದು ಬದಿ, ಸಿಗ್ನಲ್ ಕೇಬಲ್ ಇನ್ನೊಂದು ಬದಿ. ಎಲ್ಲಾದರೂ ದಾಟಲೇಬೇಕಾದರೆ ಅಡ್ಡಡ್ಡ ದಾಟಿಸುತ್ತೇವೆ, ಪಕ್ಕಪಕ್ಕ ಓಡಿಸುವುದಿಲ್ಲ.

ಗುಂಯ್ ಸದ್ದಿಗೆಲ್ಲ ಇದೊಂದೇ ಕಾರಣ ಅಲ್ಲ, ಅರ್ಥಿಂಗ್ ಕಡೆಯಿಂದಲೂ ಬರುತ್ತದೆ. ಯಾರೋ ಹೇಳಿದರು ಅಂತ ಪ್ಲಗ್‌ನ ದಪ್ಪ ಅರ್ಥ್ ಪಿನ್ ಮಾತ್ರ ದಯವಿಟ್ಟು ತೆಗೆಯಬೇಡಿ. ಅದು ಜೀವಕ್ಕೆ ಅಪಾಯ.

ತುಂಬಾ ಜನ ಕೇಳುವ ಮಾತು: ಎಡ, ಬಲ ಎರಡೂ ವೈರ್ ಒಂದೇ ಉದ್ದ ಇರಬೇಕು ಅಲ್ವಾ, ಇಲ್ಲದಿದ್ದರೆ ಒಂದು ಕಡೆಯ ಸೌಂಡ್ ತಡವಾಗಿ ಬರುತ್ತದಲ್ಲ? ಬೇಕಿಲ್ಲ. ವೈರ್‌ನಲ್ಲಿ ಸಿಗ್ನಲ್ ಓಡುವ ವೇಗದ ಮುಂದೆ ಗಾಳಿಯಲ್ಲಿ ಶಬ್ದದ ವೇಗ, ಸೆಕೆಂಡಿಗೆ ಸುಮಾರು 340 ಮೀಟರ್, ಏನೇನೂ ಅಲ್ಲ. ಸೋಫಾದಲ್ಲಿ ನೀವು ತಲೆ ಒಂದು ಸೆಂಟಿಮೀಟರ್ ವಾಲಿಸಿದರೆ ಸದ್ದು ಕಿವಿಗೆ ತಲುಪುವ ಸಮಯದಲ್ಲಿ ಆಗುವ ವ್ಯತ್ಯಾಸವೇ ಐದು ಮೀಟರ್ ವೈರ್‌ನಿಂದ ಆಗುವುದಕ್ಕಿಂತ ನೂರಾರು ಪಟ್ಟು ದೊಡ್ಡದು. ಹತ್ತಿರದ ಸ್ಪೀಕರ್‌ಗೆ ಸುಮ್ನೆ ಉದ್ದ ವೈರ್ ಕೊಂಡು ಸುತ್ತಿಡಬೇಡಿ.

ಹಾಗಂತ ಬಿಗಿಯಾಗಿ ಎಳೆದು ಕಟ್ಟುವುದೂ ಇಲ್ಲ. ಗೋಡೆಯ ಅಂಚಿಗೇ ದಾರ ಹಿಡಿದು ಅಳೆದ ಮೇಲೆ ಒಂದು ಮೀಟರ್ ಹೆಚ್ಚಿಗೆ ಬಿಡುತ್ತೇವೆ. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಆಂಪ್ಲಿಫೈಯರ್ ಮುಂದಕ್ಕೆ ಎಳೆಯಬೇಕಲ್ಲ! ಆ ಒಂದು ಮೀಟರನ್ನು ಉದ್ದಕ್ಕೆ ಎಂಟರ ಆಕಾರದಲ್ಲಿ ಮಡಚಿ, ವೆಲ್‌ಕ್ರೋ ಪಟ್ಟಿ ಸಡಿಲವಾಗಿ ಸುತ್ತುತ್ತೇವೆ. ಪ್ಲಾಸ್ಟಿಕ್ ಟ್ಯಾಗ್ ಇನ್ನು ಹಾಕುವುದಿಲ್ಲ. ಅದನ್ನು ಬಿಗಿದರೆ ವೈರ್ ಕೊರೆಯುತ್ತದೆ, ಬಿಚ್ಚಲು ಕತ್ತರಿಯೇ ಬೇಕು.

ಎಚ್‌ಡಿಎಂಐ ಕೇಬಲ್, ಬೆಳಕಿನ ಮೂಲಕ ಸೌಂಡ್ ಸಿಗ್ನಲ್ ಒಯ್ಯುವ ಆಪ್ಟಿಕಲ್ ಕೇಬಲ್ ಕತ್ತರಿಸಲು ಬರುವುದಿಲ್ಲ. ಸರಿಯಾದ ಸೈಜ್ ನೋಡಿ ಕೊಡುತ್ತೇವೆ. ಆಪ್ಟಿಕಲ್ ಕೇಬಲ್ ಉಳಿದರೆ ದೊಡ್ಡ ಸುತ್ತಾಗಿ ಇಡಿ, ಚೂಪಾಗಿ ಮಡಚಿದರೆ ಒಳಗಿನ ಎಳೆ ಹಾಳಾಗುತ್ತದೆ.

ಈಗಾಗಲೇ ನಮ್ಮಲ್ಲಿ ಸಿಸ್ಟಮ್ ಹಾಕಿಸಿಕೊಂಡವರಿಗೆ ಮುಂದಿನ ಸರ್ವಿಸ್‌ನಲ್ಲಿ ಈ ಕೆಲಸವನ್ನು ಉಚಿತವಾಗಿ ಮಾಡಿಕೊಡುತ್ತೇವೆ. ಕತ್ತರಿಸಿ ಉಳಿದ ವೈರ್ ನಿಮ್ಮದೇ, ಕೇಳಿ ಇಟ್ಟುಕೊಳ್ಳಿ. ನಾವು ಬರುವ ಮುನ್ನ ಸ್ಪೀಕರ್ ಎಲ್ಲಿಡಬೇಕು ಅಂತ ಮನೆಯವರೆಲ್ಲ ಕೂತು ತೀರ್ಮಾನ ಮಾಡಿರಿ. ಒಮ್ಮೆ ಕತ್ತರಿಸಿದ ಮೇಲೆ ಉದ್ದ ಮಾಡಲು ಆಗುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಬಳಗ